ಈ ಸೂಟ್‌ಕೇಸ್ ನನಗೆ ಬೇಡ!

“ಸ್ವಾಮಿ, ಅದು ಸ್ಟೀರಿಂಗು, ಹಿಟ್ಟಲ್ಲ! ನಾದಬೇಡಿ... ತಿರುಗಿಸಿ!”

ಅವಳು ಅವನಿಗೆ ಆಡಿದ ಮೊಟ್ಟಮೊದಲ ಮಾತು ಅದು.

ಅವಳು ಡ್ರೈವಿಂಗ್ ಶಾಲೆಯ ಟೀಚರ್. ಕಲಿಯುವವರು ಗಾಬರಿಯಾದಾಗಲೆಲ್ಲ ತನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕನ್ನು ಒತ್ತಿ ಕಾರು ನಿಲ್ಲಿಸುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲೂ ಬ್ರೇಕ್ ಮೇಡಂ ಆಗಿದ್ದಳು. ಅವನು ಪರದೇಶದಿಂದ ರಜೆಗೆ ಬಂದವನು. ರಜೆ ಮುಗಿಯುವುದರೊಳಗೆ ಕಾರು ಕಲಿತುಬಿಡಬೇಕೆಂಬ ಆತುರ ಅವನದು.

ಬೈಸಿಕೊಂಡವನ ಕಿವಿ ಕೆಂಪಾಯಿತು.

“ಸಾರಿ ಮೇಡಂ... ಅಭ್ಯಾಸ. ನಾನು ಬೇಕರೀಲಿ ಕೆಲಸ ಮಾಡೋದು. ದಿನಾ ಹಿಟ್ಟೇ ನಾದೋದು.”

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಬ್ರೇಕಿನ ಮೇಲಿದ್ದ ಕಾಲು ಜಾರಿತು. ಕಾರು ಸೀದಾ ಹೋಗಿ ಡ್ರೈವಿಂಗ್ ಶಾಲೆಯ ಬೋರ್ಡಿಗೇ ಗುದ್ದಿತು!

ಬೋರ್ಡು ರಿಪೇರಿಗೆಂದು ಇಬ್ಬರೂ ಜೊತೆಯಾಗಿ ಓಡಾಡಿದರು. ಬೋರ್ಡು ಮತ್ತೆ ಮೇಲೇರುವಷ್ಟರಲ್ಲಿ ಎರಡೂ ಮನೆಯ ಹಿರಿಯರು ಮಾತಿಗೆ ಕೂತಾಗಿತ್ತು. ಮುಂದಿನ ರಜೆಯಲ್ಲಿ ಮದುವೆಯೂ ಆಯಿತು.

ಅದೆಲ್ಲ ಹಳೆಯ ಮಾತು ಬಿಡಿ. ಈಗ ನೋಡಿ...

ಈಗ ಅವಳು ಏಳು ತಿಂಗಳ ಬಸುರಿ. ಪರದೇಶದ ದೊಡ್ಡ ಕಟ್ಟಡವೊಂದರಲ್ಲಿ, ಒಂದು ರೂಮು, ಒಂದು ಹಾಲ್ ಇರುವ ಮನೆಯ ಬಾಗಿಲು ತೆರೆದು ನಿಂತಿದ್ದಾಳೆ. ಅವಳ ಎದುರಿಗೆ ಅವಳ ಸೊಂಟದೆತ್ತರದ ಕೆಂಪು ಸೂಟ್‌ಕೇಸ್ ಒಂದು ನಿಂತಿದೆ. ಅದರ ಹಿಂದೆ ಏದುಸಿರು ಬಿಡುತ್ತ, ಕಟ್ಟಡದವರೆಲ್ಲ ದೊಡ್ಡಕ್ಕ ಎಂದು ಕರೆಯುವ ಹೆಂಗಸು ನಿಂತಿದ್ದಾಳೆ.

“ತಗೋಳೇ ಹುಡುಗಿ, ನಿನ್ನ ಸರದಿ ಬಂತು! ಟಿಕೆಟ್ ಆಯ್ತು, ಮುಂದಿನ ವಾರ ಹೊರಡೋದು. ಈ ಹ್ಯಾಂಡಲ್ ಸ್ವಲ್ಪ ಸಡಿಲ ಇದೆ, ಹುಷಾರು.”

ಅವಳು ಹ್ಯಾಂಡಲ್ ಮುಟ್ಟಲಿಲ್ಲ.

ಈ ಸೂಟ್‌ಕೇಸಿನ ಕಥೆ ನಿಮಗೆ ಹೇಳಲೇಬೇಕು. ಆ ಕಟ್ಟಡದಲ್ಲಿ ನಮ್ಮ ಭಾಷೆಯವರ ಮನೆಗಳು ಹತ್ತಾರು. ಗಂಡಸರು ಕೆಲಸಕ್ಕೆ ಹೋದ ಮೇಲೆ ಅಲ್ಲಿ ಹೆಂಗಸರದೇ ರಾಜ್ಯ, ಆ ರಾಜ್ಯಕ್ಕೆ ದೊಡ್ಡಕ್ಕನೇ ರಾಣಿ. ಯಾವ ಅಂಗಡಿಯ ಬೇಳೆ ಬೇಯುತ್ತದೆ, ಯಾವ ಡಾಕ್ಟರು ಮುಖ ನೋಡಿ ಮಾತಾಡುತ್ತಾರೆ, ಎಲ್ಲ ಅವಳಿಗೆ ಗೊತ್ತು. ಹೊಸದಾಗಿ ಬಂದವರಿಗೆ ಜ್ವರ ಬಂದರೆ ಗಂಜಿ ಮಾಡಿ ತರುವವಳೂ ಅವಳೇ. ಯಾರ ಮನೆಯಲ್ಲಿ ಯಾವಾಗ ಏನು ನಡೆಯಬೇಕೆಂದು ತೀರ್ಮಾನಿಸುವವಳೂ ಅವಳೇ!

ಕೆಂಪು ಸೂಟ್‌ಕೇಸ್ ಆ ಬಳಗದ ಆಸ್ತಿ. ಯಾರೇ ಬಸುರಿಯಾಗಲಿ, ಏಳನೇ ತಿಂಗಳಿಗೆ ಅದು ಅವರ ಬಾಗಿಲಿಗೆ ಬರುತ್ತದೆ. ದಿನ ತುಂಬುತ್ತ ಬಂದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಅದಕ್ಕೂ ಮೊದಲೇ ಬಟ್ಟೆಬರೆ ತುಂಬಿಕೊಂಡು ತವರಿಗೆ ಹೊರಟುಬಿಡಬೇಕು. ಮಗುವಿಗೆ ಐದಾರು ತಿಂಗಳಾದ ಮೇಲೆ ತಾಯಿ, ಮಗು, ಸೂಟ್‌ಕೇಸ್ ಎಲ್ಲ ಒಟ್ಟಿಗೆ ವಾಪಸು. ಅಲ್ಲಿಯವರೆಗೆ ಗಂಡನಿಗೆ ಫೋನಿನಲ್ಲೇ ಮಗುವಿನ ದರ್ಶನ.

“ಯಾರು ಮಾಡಿದ್ದು ಅಕ್ಕ... ಟಿಕೆಟ್?” ಎಂದಳು ಅವಳು.

“ಇನ್ಯಾರು? ನಿನ್ನ ಗಂಡನೇ! ನಮ್ಮನೆಯವರ ಟ್ರಾವೆಲ್ಸ್ ಆಫೀಸಿಗೇ ಹೋಗಿ ಮಾಡಿಸ್ದ. ನೀನು ಊರಿಗೆ ಹೋದ್ರೆ ಅವನಿಗೂ ನೆಮ್ಮದಿ ಕಣೇ. ಪಾಪ, ಬೆಳಗಿನ ಜಾವ ಎದ್ದು ಓಡೋನು... ನಿನ್ನ ನೋಡ್ಕೊಳ್ತಾನಾ, ಕೆಲಸ ನೋಡ್ತಾನಾ?” ದೊಡ್ಡಕ್ಕ ಸೂಟ್‌ಕೇಸನ್ನು ಒಳಗೆ ತಳ್ಳಿದಳು. “ಶುಕ್ರವಾರ ಮಧ್ಯಾಹ್ನ ನಮ್ಮನೇಲಿ ನಿನಗೆ ಬೀಳ್ಕೊಡುಗೆ. ಎಲ್ಲಾ ಬರ್ತಾರೆ. ಚೆನ್ನಾಗಿರೋ ಸೀರೆ ಉಟ್ಕೋ.”

ಬಾಗಿಲು ಮುಚ್ಚಿಕೊಂಡಿತು. ಅವಳು, ಹೊಟ್ಟೆಯೊಳಗಿನ ಮಗು ಮತ್ತು ಆ ಕೆಂಪು ಸೂಟ್‌ಕೇಸ್ ಮಾತ್ರ ಉಳಿದವು.

‘ನನಗೊಂದು ಮಾತು ಹೇಳದೆ... ಟಿಕೆಟ್ ಮಾಡಿಸಿದ್ರಾ?’

ಅವಳ ಕಣ್ಣು ಹಾಲಿನ ಮೂಲೆಗೆ ಹೋಯಿತು. ಅಲ್ಲಿ ಅವನ ಹಾಸಿಗೆ ಸುತ್ತಿಟ್ಟಿತ್ತು. ಮೂರನೇ ತಿಂಗಳಿನಿಂದ ಅವನು ಹಾಲಿನಲ್ಲೇ ಮಲಗುವುದು. ‘ನಸುಕಿಗೇ ಏಳ್ತೀನಲ್ಲ, ನಿನಗೆ ನಿದ್ದೆ ಕೆಡುತ್ತೆ’ ಎಂದಿದ್ದ. ಆಗ ಅವಳಿಗೆ ಊಟ, ಒಗ್ಗರಣೆ, ಸೋಪು, ಯಾವುದೂ ಹಿಡಿಸದೆ ದಿನವೆಲ್ಲ ಬಚ್ಚಲಲ್ಲೇ ಕಳೆಯುತ್ತಿತ್ತು. ಅವನು ಎಲ್ಲಿ ಮಲಗುತ್ತಾನೆಂದು ಕೇಳುವ ತ್ರಾಣವೂ ಇರಲಿಲ್ಲ. ನಾಲ್ಕು ತಿಂಗಳು ತುಂಬಿ ವಾಂತಿ ನಿಂತಿತು, ಹಸಿವು ಬಂತು, ಮುಖಕ್ಕೆ ಕಳೆ ಬಂತು. ಹಾಸಿಗೆ ಮಾತ್ರ ಹಾಲಿನಿಂದ ರೂಮಿಗೆ ಬರಲಿಲ್ಲ!

ಅವಳು ಕರೆಯಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ, ಕರೆಯಲಿಲ್ಲ. ಬ್ರೇಕ್ ಮೇಡಂಗೆ ಸ್ವಾಭಿಮಾನ ಸ್ವಲ್ಪ ಜಾಸ್ತಿಯೇ. ‘ಬೇಕಿದ್ರೆ ಅವರೇ ಬರ್ಲಿ’ ಎಂದು ಅವಳು ಬಾಗಿಲು ತೆರೆದಿಟ್ಟುಕೊಂಡೇ ಮಲಗುತ್ತಿದ್ದಳು. ಅವನು ಬರುತ್ತಿರಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

ಅವಳಿಗೆ ಬೇರೆಯೇ ಆಸೆಯೊಂದಿತ್ತು. ಯಾರಿಗೂ ಹೇಳಿರಲಿಲ್ಲ.

ಅವಳು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ ಹೆರಿಗೆಯ ಹೊತ್ತಿಗೆ ಗಂಡ ಪಕ್ಕದಲ್ಲೇ ಇರಬಹುದಿತ್ತು. ಅದಕ್ಕೆ ಮೊದಲು ದಂಪತಿಗಳಿಗೆಂದೇ ವಾರಕ್ಕೊಂದು ತರಗತಿ. ಅವಳು ಒಬ್ಬಳೇ ಬಸ್ಸು ಹತ್ತಿ ಹೋಗಿದ್ದಳು. ಚಾಪೆಗಳ ಮೇಲೆ ಎಲ್ಲರೂ ಜೋಡಿ ಜೋಡಿಯಾಗಿ ಕೂತಿದ್ದರು. ಒಬ್ಬ ಗಂಡ ಹೆಂಡತಿಯ ಚಪ್ಪಲಿ ಬಿಚ್ಚುತ್ತಿದ್ದ, ಇನ್ನೊಬ್ಬ ನೀರು ಹಿಡಿದು ಕೂತಿದ್ದ.

ಕಲಿಸುವ ನರ್ಸಮ್ಮ ಇವಳ ಕೈಗೆ ದಿಂಬೊಂದನ್ನು ಕೊಟ್ಟು, ‘ಸದ್ಯಕ್ಕೆ ಇದೇ ನಿನ್ನ ಗಂಡ’ ಎಂದು ನಕ್ಕಳು. ಇವಳೂ ನಕ್ಕಳು. ನೋವು ಬಂದಾಗ ಗಂಡಂದಿರು ಹೆಂಡತಿಯ ಸೊಂಟದ ಕೆಳಗೆ ಅಂಗೈಯ ಬುಡದಿಂದ ಹೇಗೆ ಒತ್ತಬೇಕೆಂದು ನರ್ಸಮ್ಮ ತೋರಿಸಿದಾಗ ಮಾತ್ರ ನಗು ಬರಲಿಲ್ಲ. ಅಂಥ ಕೈ ಮನೆಯಲ್ಲೇ ಇದೆಯಲ್ಲ! ದಿನಾ ಮಣಗಟ್ಟಲೆ ಹಿಟ್ಟನ್ನು ಅಂಗೈಯ ಬುಡದಿಂದಲೇ ಒತ್ತುವ ಕೈ... ಹಾಲಿನಲ್ಲಿ ಮಲಗಿದೆ.

ಅಂದು ಸಂಜೆ ಅವನು ಬಂದ. ಬೇಕರಿಯಲ್ಲೇ ಸ್ನಾನ ಮುಗಿಸಿ ಬಂದಿದ್ದರೂ ಬಂದವನೇ ಮತ್ತೆ ಬಚ್ಚಲಿಗೆ ಹೋದ. ಹೊರಗೆ ಬಂದು, ಎಂದಿನಂತೆ ಬಾಲ್ಕನಿಯ ಬಾಗಿಲ ಬಳಿ, ಅವಳಿಂದ ಮಾರು ದೂರ ನಿಂತ. ನಿಂತ ಮೇಲೆ ಕೆಂಪು ಸೂಟ್‌ಕೇಸ್ ಕಂಡಿತು.

“ಓ... ಬಂತಾ,” ಎಂದ.

“ಬಂತು. ಟಿಕೆಟ್ ಮಾಡಿಸಿದ್ರಂತೆ?”

“ಹ್ಞೂಂ. ನಿನಗೆ ಅನುಕೂಲ ಆಗ್ಲಿ ಅಂತ...”

“ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

ಅವನು ನೆಲ ನೋಡಿದ. “ಕೇಳೋದೇನಿದೆ... ಗೊತ್ತೇ ಇದೆಯಲ್ಲ.”

“ಏನು? ಏನು ಗೊತ್ತಿದೆ?”

“ಬಿಡು... ನಿನಗೆ ಆಯಾಸ ಆಗುತ್ತೆ. ಕೂತ್ಕೋ.”

‘ಕೂತ್ಕೋ ಅಂತೆ! ಕೂರಿಸೋಕೆ ಒಂದು ಕೈ ಹತ್ತಿರ ಬರಲ್ಲ, ದೂರದಿಂದ ಉಪದೇಶ ಬೇರೆ!’ ಅವಳಿಗೆ ಮೈಯೆಲ್ಲ ಉರಿಯಿತು. ರೂಮಿಗೆ ಹೋಗಿ, ಈ ಸಲ ಬಾಗಿಲು ಧಡಾರನೆ ಹಾಕಿಕೊಂಡಳು.

ಒಳಗೆ ಹೊಟ್ಟೆಯಲ್ಲಿ ಮಗು ಒದೆಯಿತು. “ನೀನೂ ನನ್ನನ್ನೇ ಒದಿ!” ಎಂದು ಅದಕ್ಕೂ ಬೈದಳು. ಬೈದು, ಆಮೇಲೆ ಹೊಟ್ಟೆ ಸವರಿ ಅತ್ತಳು.

ಹೊರಗೆ ಅವನೂ ಸುತ್ತಿಟ್ಟ ಹಾಸಿಗೆಯ ಮೇಲೆ ತಲೆ ತಗ್ಗಿಸಿ ಕೂತಿದ್ದನೆಂಬುದು ಅವಳಿಗೆ ಕಾಣಲಿಲ್ಲ.

ಶುಕ್ರವಾರ ಬಂತು. ಆ ದೇಶದಲ್ಲಿ ಅದೇ ವಾರದ ರಜೆ. ರಜೆಯ ದಿನ ಬೇಕರಿಯಲ್ಲಿ ಕೆಲಸ ಇನ್ನೂ ಹೆಚ್ಚು, ಅವನು ನಸುಕಿಗೇ ಹೊರಟುಹೋಗಿದ್ದ. ಅವಳು ಸೀರೆ ಉಟ್ಟಳು. ತಲೆ ಬಾಚಿದಳು. ಕನ್ನಡಿಯಲ್ಲಿ ತನ್ನನ್ನೇ ದಿಟ್ಟಿಸಿದಳು.

ಊರಲ್ಲಿ ಲಾರಿಗಳ ನಡುವೆ ಎಲ್‌ ಬೋರ್ಡಿನ ಕಾರು ನುಗ್ಗಿಸಿದವಳು ಇವಳೇ. ‘ಹೆಂಗಸರ ಹತ್ರ ಡ್ರೈವಿಂಗ್ ಕಲಿಯೋದಾ’ ಎಂದು ಮೂಗು ಮುರಿದವರಿಗೆ ಲೈಸೆನ್ಸ್ ಕೊಡಿಸಿದವಳೂ ಇವಳೇ. ಇಲ್ಲಿ ಬಂದ ಮೇಲೆ ಏನಾಗಿದೆ? ದೊಡ್ಡಕ್ಕನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಸಾಮಾನು ತರಲು ಹೋಗುವುದು. ದೊಡ್ಡಕ್ಕ ಬ್ರೇಕ್ ಹಾಕಬೇಕಾದಲ್ಲಿ ಹಾರ್ನ್ ಹಾಕುತ್ತಾಳೆ, ಇವಳ ಕಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತದೆ, ಬಾಯಿ ಮಾತ್ರ ‘ಹೌದಕ್ಕ, ಸರಿ ಅಕ್ಕ’ ಎನ್ನುತ್ತದೆ.

“ಸಾಕು!” ಎಂದಳು ಕನ್ನಡಿಗೆ.

ಖಾಲಿ ಸೂಟ್‌ಕೇಸಿನ ಹ್ಯಾಂಡಲ್ ಹಿಡಿದಳು. ಲಿಫ್ಟಿಗೆ ಎಳೆದಳು.

ದೊಡ್ಡಕ್ಕನ ಹಾಲಿನಲ್ಲಿ ಬಳಗವೆಲ್ಲ ಸೇರಿತ್ತು. ಬಲೂನು ಕಟ್ಟಿದ್ದರು. ಮಗುವಿನ ಟೋಪಿ, ಸಾಕ್ಸು, ಹೊದಿಕೆಗಳನ್ನು ಸೋಫಾ ಮೇಲೆ ಹರಡಿದ್ದರು. ಚಕ್ರದ ಗಡಗಡ ಸದ್ದು ಕೇಳಿ ಎಲ್ಲರೂ ಬಾಗಿಲ ಕಡೆ ತಿರುಗಿದರು.

“ಅಯ್ಯೋ, ಸೂಟ್‌ಕೇಸ್ ಯಾಕೆ ಎಳ್ಕೊಂಡು ಬಂದೆಯೇ ಈ ಸ್ಥಿತೀಲಿ? ನಾವೇ ಬಂದು ತುಂಬಿಸ್ತಿದ್ವಲ್ಲ!” ದೊಡ್ಡಕ್ಕ ಎದ್ದು ಬಂದಳು.

ಅವಳು ಸೂಟ್‌ಕೇಸನ್ನು ಹಾಲಿನ ನಟ್ಟನಡುವೆ ನಿಲ್ಲಿಸಿದಳು.

“ಈ ಸೂಟ್‌ಕೇಸ್ ನನಗೆ ಬೇಡ ಅಕ್ಕ.”

“ಯಾಕೆ, ಹ್ಯಾಂಡಲ್ ಕಿತ್ತೋಯ್ತಾ?”

“ಹ್ಯಾಂಡಲ್ ನೆಟ್ಟಗಿದೆ. ನಾನು ಹೋಗಲ್ಲ. ನನ್ನ ಮಗೂನ ಇಲ್ಲೇ ಹೆರ್ತೀನಿ.”

ಬಲೂನೊಂದು ಫ್ಯಾನಿನ ಗಾಳಿಗೆ ಗೋಡೆಗೆ ಉಜ್ಜುತ್ತಿತ್ತು.

“ತಲೆ ಕೆಟ್ಟಿದೆಯಾ?” ದೊಡ್ಡಕ್ಕನ ದನಿ ಏರಿತು. “ಇಲ್ಲಿ ಯಾರಿದ್ದಾರೆ ನಿನಗೆ? ಎಣ್ಣೆ ಹಚ್ಚೋರು ಯಾರು, ನೀರು ಎರೆಯೋರು ಯಾರು? ನಾವೆಲ್ಲ ಹೋಗ್ಲಿಲ್ವಾ? ನಿನಗೇನು ಎರಡು ಕೊಂಬಾ?”

“ನನಗೆ ಕೊಂಬಿಲ್ಲ ಅಕ್ಕ. ಬಾಯಿದೆ. ಅದನ್ನ ಯಾರೂ ಕೇಳ್ಲಿಲ್ಲ, ಅಷ್ಟೇ.”

“ನಿನ್ನ ಗಂಡನೇ ಒಪ್ಪಿ ಟಿಕೆಟ್ ಮಾಡಿಸಿದ್ದಾನೆ!”

“ಒಪ್ಪಿ ಅಂದ್ರೆ? ಮೊದಲು ಕೇಳಿದ್ದು ಯಾರು?”

ದೊಡ್ಡಕ್ಕ ಸೆರಗು ಸರಿಮಾಡಿಕೊಂಡಳು. “ನಾನೇ ಹೇಳ್ದೆ, ಏನೀಗ? ‘ನಿನ್ನ ಹೆಂಡ್ತಿಗೆ ಊರಿಗೆ ಹೋಗ್ಬೇಕು ಅಂತಿದೆ, ಹೇಳೋಕೆ ಸಂಕೋಚ’ ಅಂತ ಅವನಿಗೆ ಅಂದೆ.”

“ನಾನು ಯಾವಾಗ ಹಾಗಂದೆ?!”

“ಬಸುರಿ ಹೆಂಗಸು ಬಾಯ್ಬಿಟ್ಟು ಹೇಳ್ಬೇಕೇನೇ? ಮುಖ ನೋಡಿದ್ರೆ ಗೊತ್ತಾಗಲ್ವಾ? ಅವನೂ ಹಾಗೇ, ಮುಖ ಬಾಡಿಸ್ಕೊಂಡು ಓಡಾಡ್ತಿದ್ದ. ಇಬ್ಬರ ಸಂಕೋಚಾನೂ ನಾನೇ ಬಿಡಿಸ್ದೆ. ಎಲ್ಲರ ಮನೇಲೂ ಹಾಗೇ ಮಾಡಿರೋದು, ಯಾರೂ ತಪ್ಪು ಅಂದಿಲ್ಲ!”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ಮಾವಂದಿರು, ತಾಯಿ ತಂದೆಯರು ಸಾವಿರಾರು ಮೈಲಿ ದೂರ ಇರುವಲ್ಲಿ ದೊಡ್ಡಕ್ಕ ಎಲ್ಲರಿಗೂ ಹಿರಿಯಳಾಗಿ ನಿಂತಿದ್ದಳು. ಗಂಡನಿಗೆ ಹೆಂಡತಿಯ ಮಾತು, ಹೆಂಡತಿಗೆ ಗಂಡನ ಮಾತು, ಎರಡನ್ನೂ ತಾನೇ ಆಡಿಬಿಟ್ಟಿದ್ದಳು. ಅವಳ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಇವರ ಮನೆಯ ಮಾತು ಇವರದಾಗಿ ಉಳಿದಿರಲಿಲ್ಲ.

ಮೂಲೆಯಲ್ಲಿ ಕೂತಿದ್ದ ಪಾರ್ಲರಕ್ಕ ಮೆಲ್ಲಗೆ ಬಾಯಿ ತೆರೆದಳು. ಬಳಗದವರಿಗೆಲ್ಲ ಮನೆಯಲ್ಲೇ ಹುಬ್ಬು ತಿದ್ದಿಕೊಡುವ ಅವಳು ಮಾತಾಡುವುದೇ ಅಪರೂಪ.

“ನನ್ನ ಮಗ ಇಲ್ಲಿ ಬಂದಾಗ ಏರ್‌ಪೋರ್ಟಲ್ಲಿ ಅವರಪ್ಪನ್ನ ನೋಡಿ ಕಿರುಚಿದ್ದ. ಅಪ್ಪ ಅಂದ್ರೆ ಫೋನು ಅಂದ್ಕೊಂಡಿದ್ದ. ನಮ್ಮನೆಯವರು ಎರಡು ದಿನ ಊಟ ಮಾಡ್ಲಿಲ್ಲ... ನಾನು ಯಾರಿಗೂ ಹೇಳಿರ್ಲಿಲ್ಲ.”

“ನೀನು ಸುಮ್ನಿರೇ!” ಎಂದಳು ದೊಡ್ಡಕ್ಕ. ಆದರೆ ಆ ಬೈಗುಳಕ್ಕೆ ಎಂದಿನ ಜೋರಿರಲಿಲ್ಲ. ದೊಡ್ಡಕ್ಕನ ಮಗಳೂ ಮೂರು ವರ್ಷ ತುಂಬುವವರೆಗೆ ಅಪ್ಪನ ತೊಡೆ ಹತ್ತಿದವಳಲ್ಲ.

ಆಮೇಲೆ ದೊಡ್ಡಕ್ಕ ಅವಳತ್ತ ತಿರುಗಿ ಬೆರಳೆತ್ತಿದಳು. “ನೋಡು, ಹೇಳಿರ್ತೀನಿ. ನಾಳೆ ನೋವು ಬಂದಾಗ ಅಕ್ಕಾ ಅಂತ ನನ್ನ ಬಾಗಿಲು ತಟ್ಟಬೇಡ!”

“ತಟ್ಟೇ ತಟ್ತೀನಿ ಅಕ್ಕ,” ಎಂದಳು ಅವಳು, ಕಣ್ಣು ತುಂಬಿದ್ದರೂ ದನಿ ನಡುಗದಂತೆ. “ನೀವು ತೆಗೆದೇ ತೆಗೀತೀರ. ನನಗೆ ಗೊತ್ತು.”

ದೊಡ್ಡಕ್ಕನ ಬೆರಳು ಗಾಳಿಯಲ್ಲೇ ಉಳಿಯಿತು.

ಅವಳು ಬಾಗಿಲು ದಾಟಿ ಹೊರಟೇಬಿಟ್ಟಳು.

ಬೇಕರಿಯ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಅಲ್ಲಿ ಆಗಲೇ ಹಳೇ ಸೀರೆಗಳನ್ನು ಒಗೆದು ಮಗುವಿಗೆಂದು ಬಟ್ಟೆ ಹರಿದಿಡುತ್ತಿದ್ದಳು.

“ಅಮ್ಮಾ, ನಾನು ಬರ್ತಿಲ್ಲ. ಇಲ್ಲೇ ಹೆರಿಗೆ.”

ಅಮ್ಮ ಬೈದಳು, ಅತ್ತಳು, ಮತ್ತೆ ಬೈದಳು. ಬೈದು ಸುಸ್ತಾದ ಮೇಲೆ ಕೇಳಿದಳು, “ಹೋಗ್ಲಿ... ಅಳಿಯಂದ್ರು ಪಕ್ಕದಲ್ಲಿ ಇರ್ತಾರಾ?”

“ಅದನ್ನೇ ಕೇಳೋಕೆ ಹೋಗ್ತಿದ್ದೀನಮ್ಮ.”

“ಇನ್ನೂ ಕೇಳೇ ಇಲ್ವಾ?! ಅಯ್ಯೋ ನನ್ನ ಕರ್ಮವೇ...” ಎಂದಳು ಅಮ್ಮ. “ಕೇಳು ಮಗಳೇ. ನೀನು ಹುಟ್ಟುವಾಗ ನಿಮ್ಮಪ್ಪ ಆಸ್ಪತ್ರೆ ಗೇಟಿನ ಹೊರಗೆ ನಿಂತಿದ್ರು. ಒಳಗೆ ಬಿಟ್ಟಿದ್ರೆ ಎಷ್ಟು ಚೆನ್ನಾಗಿತ್ತು ಅಂತ ನನಗೂ ಅನ್ನಿಸಿತ್ತು. ಆಗೆಲ್ಲ ಯಾರನ್ನ ಕೇಳೋದು, ಹೇಳು.”

ಬೇಕರಿ ದೊಡ್ಡ ಅಂಗಡಿಯೊಂದರ ಹಿಂಭಾಗದಲ್ಲಿತ್ತು. ಅವಳು ಇದುವರೆಗೆ ಒಳಗೆ ಕಾಲಿಟ್ಟವಳಲ್ಲ. ಪ್ಲಾಸ್ಟಿಕ್ ಪಟ್ಟಿಗಳ ಪರದೆಯನ್ನು ಸರಿಸಿದಳು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಹಂಡೆಯಂಥ ಯಂತ್ರದಲ್ಲಿ ಹಿಟ್ಟು ತಿರುಗುತ್ತಿತ್ತು. ಚಕ್ರದ ಕಪಾಟುಗಳಲ್ಲಿ ಬ್ರೆಡ್ಡಿನ ಟ್ರೇಗಳು ಸಾಲಾಗಿ ನಿಂತಿದ್ದವು. ಬಿಳಿ ಕೋಟಿನ ಸೂಪರ್‌ವೈಸರ್ ಎರಡೂ ಕೈ ಚಾಚಿ ಅಡ್ಡ ಬಂದ.

“ಮೈ ಹಸ್ಬೆಂಡ್! ಟೂ ಮಿನಿಟ್ಸ್!” ಎಂದಳು ಅವಳು, ಎಲ್‌ ಬೋರ್ಡಿನವರಿಗೆ ಗದರುವ ಅದೇ ದನಿಯಲ್ಲಿ.

ಸೂಪರ್‌ವೈಸರ್ ಅವಳ ಹೊಟ್ಟೆ ನೋಡಿದ, ಮುಖ ನೋಡಿದ. ಮರುಮಾತಾಡದೆ ಒಂದು ಬಲೆಯ ಟೋಪಿ ತಂದುಕೊಟ್ಟ!

ತಲೆಗೆ ಟೋಪಿ, ಮೈಮೇಲೆ ರೇಷ್ಮೆ ಸೀರೆ. ಆ ವೇಷದಲ್ಲಿ ಅವಳು ಮೇಜುಗಳ ನಡುವೆ ನಡೆದು ಬಂದಳು. ಮೊಣಕೈವರೆಗೆ ಹಿಟ್ಟಾಗಿದ್ದ ಅವನು ತಲೆಯೆತ್ತಿ ನೋಡಿ ಬೆಚ್ಚಿದ.

“ಏನಾಯ್ತು? ನೋವಾ? ಮಗು...?”

“ಮಗು ಚೆನ್ನಾಗಿದೆ. ನಾನು ಚೆನ್ನಾಗಿಲ್ಲ.” ಅವಳು ಎದುರಿಗೆ ನಿಂತಳು. “ನನ್ನ ಯಾಕೆ ಕಳಿಸ್ತಿದ್ದೀರ? ದೊಡ್ಡಕ್ಕನ ಮಾತು ಬೇಡ. ನಿಮ್ಮ ಬಾಯಿಂದ ಹೇಳಿ.”

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಹತ್ತಿರ ಬರಬೇಡ,” ಎಂದ.

“ಅಷ್ಟು ಬೇಡವಾಗಿಬಿಟ್ನಾ ನಾನು?”

“ಅಯ್ಯೋ, ಇಲ್ಲ ಕಣೇ! ವಾಸನೆ... ಈಸ್ಟಿನ ವಾಸನೆ. ಇಲ್ಲಿ ತುಂಬಾ ಇರುತ್ತೆ. ನಿನಗೆ ಆಗಲ್ಲ.”

“ಏನು ಆಗಲ್ಲ?”

ಅವನು ಹಿಟ್ಟಿನ ಕೈಗಳನ್ನು ಏಪ್ರನ್‌ಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. “ನಿನಗೆ ನೆನಪಿಲ್ವಾ? ಮೂರನೇ ತಿಂಗಳಲ್ಲಿ ನಾನು ಕೆಲಸದಿಂದ ಬಂದು ನಿನ್ನ ಪಕ್ಕ ಕೂತೆ. ನೀನು ಬಾಯಿ ಮುಚ್ಕೊಂಡು ಬಚ್ಚಲಿಗೆ ಓಡಿದೆ. ‘ನಿಮ್ಮ ಮೈ ವಾಸನೆ ನನಗಾಗಲ್ಲ, ದೂರ ಹೋಗಿ’ ಅಂತ ಕೂಗಿದೆ. ಆಮೇಲೆ... ಇಲ್ಲೇ ಸ್ನಾನ ಮಾಡಿ ಬರೋಕೆ ಶುರು ಮಾಡ್ದೆ. ಸೋಪು ಬದಲಾಯಿಸ್ದೆ. ಏನು ಮಾಡಿದ್ರೂ ಈ ವಾಸನೆ ಹೋಗಲ್ಲ, ಚರ್ಮಕ್ಕೇ ಇಳಿದುಬಿಟ್ಟಿದೆ. ಅದಕ್ಕೇ ಹಾಲಿಗೆ ಹೋದೆ.”

ಅವಳಿಗೆ ಆ ದಿನಗಳು ನೆನಪಾದವು.

ಆಗ ಒಗ್ಗರಣೆಗೂ ಬೈದಿದ್ದಳು, ಸೋಪಿಗೂ ಬೈದಿದ್ದಳು, ಪಕ್ಕದ ಮನೆಯವರ ಅಗರಬತ್ತಿಗೂ ಬೈದಿದ್ದಳು. ಅವನಿಗೂ ಬೈದಿದ್ದು ಅವಳ ನೆನಪಲ್ಲೇ ಉಳಿದಿರಲಿಲ್ಲ! ಒಂದು ದಿನದ ವಾಂತಿಯ ಮಾತನ್ನು ಅವನು ಇಷ್ಟು ತಿಂಗಳು ಎದೆಯಲ್ಲಿಟ್ಟುಕೊಂಡು ಹಾಲಿನಲ್ಲಿ ಮಲಗಿದ್ದ!

“ಆಮೇಲೆ ಒಂದು ದಿನ,” ಅವನ ದನಿ ಇಳಿಯಿತು, “ನೀನು ಅಮ್ಮನ ಹತ್ರ ಫೋನಲ್ಲಿ ಅಳ್ತಿದ್ದೆ. ‘ನನಗಿಲ್ಲಿ ಇರೋಕಾಗ್ತಿಲ್ಲಮ್ಮ’ ಅಂದೆ. ನನಗೆ ಕೇಳಿಸ್ತು. ದೊಡ್ಡಕ್ಕನೂ ಅದನ್ನೇ ಹೇಳಿದ್ರು. ನನ್ನ ವಾಸನೆ ಇರೋ ಮನೇಲಿ ನೀನು ಕಷ್ಟ ಪಡೋದಕ್ಕಿಂತ ನಿಮ್ಮಮ್ಮನ ಹತ್ರ ನೆಮ್ಮದಿಯಾಗಿರು ಅಂತ... ಟಿಕೆಟ್ ಮಾಡಿಸಿದ ದಿನ ನಾನು ಒಂದು ಒಲೆ ತುಂಬ ಬ್ರೆಡ್ಡು ಸುಟ್ಟುಬಿಟ್ಟೆ, ಗೊತ್ತಾ?”

“ಇರೋಕಾಗ್ತಿಲ್ಲ ಅಂದಿದ್ದು ನೀವು ದೂರ ಮಲಗ್ತಿದ್ರಿ ಅಂತ!” ಅವಳು ಕೂಗಿಯೇ ಬಿಟ್ಟಳು. ಮೇಜುಗಳ ಆಚೆಯ ಕೆಲಸಗಾರರೆಲ್ಲ ತಿರುಗಿ ನೋಡಿದರು. ನೋಡಲಿ! “ಬಾಗಿಲು ತೆಗೆದಿಟ್ಕೊಂಡು ಎಷ್ಟು ರಾತ್ರಿ ಕಾದೆ ನಾನು! ಒಂದು ಸಲ ಬಂದು ಕೇಳಬಾರದಿತ್ತಾ, ‘ಈಗಲೂ ಆಗಲ್ವಾ’ ಅಂತ?”

“ಆಗಲ್ಲ ಅಂದ್ಬಿಟ್ರೆ ಅಂತ... ಹೆದರಿಕೆ ಆಯ್ತು.”

ಅಷ್ಟು ಕೇಳಿದ್ದೇ ಸಾಕಾಯಿತು. ಅವಳು ಮುಂದೆ ಬಂದಳು. ಅವನು ಹಿಂದೆ ಸರಿದ. ಬೆನ್ನಿಗೆ ಮೇಜು ತಗುಲಿತು, ಇನ್ನು ಹೋಗಲು ಜಾಗವಿರಲಿಲ್ಲ. ಅವಳು ಹಿಟ್ಟಿನ ಏಪ್ರನ್ನಿಗೆ ಮುಖ ಒತ್ತಿ, ಉಸಿರು ಎಳೆದುಕೊಂಡಳು. ಒಂದು ಸಲ... ಇನ್ನೊಂದು ಸಲ.

ಅವನು ಉಸಿರೇ ಆಡಲಿಲ್ಲ.

“ವಾಂತಿ ಬರ್ತಿದೆಯಾ?” ಎಂದ ಪಿಸುದನಿಯಲ್ಲಿ.

“ಹಸಿವಾಗ್ತಿದೆ,” ಎಂದಳು ಅವಳು. ಹಾಗೆಂದು ಅಳತೊಡಗಿದಳು.

ಅವನ ಕೈಗಳು ಅವಳ ಬೆನ್ನಿನವರೆಗೆ ಬಂದು ಗಾಳಿಯಲ್ಲೇ ನಿಂತವು. “ಸೀರೆ ಹಾಳಾಗುತ್ತೆ ಕಣೇ...”

“ಹಾಳಾಗ್ಲಿ!”

ಕೈಗಳು ಬೆನ್ನ ಮೇಲೆ ಕೂತವು. ರೇಷ್ಮೆ ಸೀರೆಯ ಮೇಲೆ ಹತ್ತು ಬೆರಳೂ ಬೆಳ್ಳಗೆ ಮೂಡಿದವು. ಯಾರೋ ಒಬ್ಬ ಕೆಲಸಗಾರ ಸಿಳ್ಳೆ ಹಾಕಿದ. ಸೂಪರ್‌ವೈಸರ್ ಗಡಿಯಾರ ನೋಡಿದ, ಎರಡು ನಿಮಿಷ ಯಾವಾಗಲೋ ಮುಗಿದಿತ್ತು. ಅವನು ಗಡಿಯಾರಕ್ಕೆ ಬೆನ್ನು ಮಾಡಿ ಒಲೆಯ ಕಡೆ ಹೋದ.

ಬಿಡುವಿನ ಹೊತ್ತಿನಲ್ಲಿ ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತರು. ಅವಳ ತೊಡೆಯ ಮೇಲೆ ಕಾಗದದಲ್ಲಿ ಬಿಸಿ ಬ್ರೆಡ್ಡು. ಅವಳು ಎರಡು ಕೈಯಲ್ಲೂ ಮುರಿದು ಮುರಿದು ತಿನ್ನುತ್ತಿದ್ದಳು, ಅವನು ನೋಡುತ್ತ ಕೂತಿದ್ದ.

“ನಾನು ಹೋಗಲ್ಲ,” ಎಂದಳು ತುಂಬಿದ ಬಾಯಲ್ಲೇ. “ಅಮ್ಮನಿಗೆ ಹೇಳಿದ್ದೀನಿ. ದೊಡ್ಡಕ್ಕನಿಗೂ ಹೇಳಿದ್ದೀನಿ. ಬಳಗದ ಎದುರಿಗೇ.”

“ದೊಡ್ಡಕ್ಕನಿಗಾ?! ಎದುರಿಗಾ?!” ಅವನ ಕಣ್ಣು ಅಗಲವಾಯಿತು. “ಜೀವಂತ ಬಂದಿದ್ದೀಯಲ್ಲ!”

“ತಮಾಷೆ ಬೇಡ. ನಿಮ್ಮನ್ನ ಒಂದು ಕೇಳ್ಬೇಕು. ಇಷ್ಟು ದಿನ ಕೇಳದೇ ಇದ್ದದ್ದು ನನ್ನದೇ ತಪ್ಪು.” ಅವಳು ಬ್ರೆಡ್ಡನ್ನು ಕೆಳಗಿಟ್ಟಳು. “ಹೆರಿಗೆ ಹೊತ್ತಿಗೆ ನೀವು ನನ್ನ ಪಕ್ಕ ಇರ್ಬೇಕು. ಹೊರಗೆ ಬೆಂಚಿನ ಮೇಲಲ್ಲ. ಒಳಗೆ. ಈ ಆಸ್ಪತ್ರೇಲಿ ಬಿಡ್ತಾರೆ. ಬುಧವಾರ ತರಗತಿ ಇದೆ, ನಾನೊಬ್ಬಳೇ ದಿಂಬು ಇಟ್ಕೊಂಡು ಕೂತು ಬಂದೆ. ಈ ಬುಧವಾರ ನೀವು ಬರ್ತೀರಾ?”

ಅವನು ಅಂಗೈಗೆ ಅಂಟಿದ್ದ ಹಿಟ್ಟನ್ನು ಕೆರೆದು ತೆಗೆಯತೊಡಗಿದ.

‘ಇಲ್ಲ ಅನ್ನಬೇಡಿ... ದಯವಿಟ್ಟು ಇಲ್ಲ ಅನ್ನಬೇಡಿ...’

“ಶಿಫ್ಟ್ ಬದಲಾಯಿಸ್ಕೊಡಿ ಅಂತ ಇವತ್ತೇ ಕೇಳ್ತೀನಿ,” ಎಂದ ಅವನು. “ಅವರು ಆಗಲ್ಲ ಅಂದ್ರೂ ನಾನು ಬರ್ತೀನಿ. ಟಿಕೆಟ್ ನಾಳೇನೇ ಕ್ಯಾನ್ಸಲ್. ನನ್ನ ಹಾಸಿಗೇನೂ ಒಳಗೆ.” ಸ್ವಲ್ಪ ತಡೆದು, “ನನ್ನ ಮಗು ಮೊದಲು ನನ್ನ ಮುಖ ಫೋನಲ್ಲಿ ನೋಡೋದು ನನಗೂ ಬೇಡ. ಯಾರಿಗೂ ಹೇಳೋಕಾಗ್ದೆ ನುಂಗ್ಕೊಂಡಿದ್ದೆ.”

“ಹೆಂಡ್ತಿಗೆ ಹೇಳ್ಬಾರದಿತ್ತಾ?”

“ಇನ್ಮೇಲೆ ಎಲ್ಲಾ ಹೆಂಡ್ತಿಗೇ. ದೊಡ್ಡಕ್ಕನ ಮೂಲಕ ಒಂದು ಮಾತೂ ಇಲ್ಲ.”

ಅವಳು ಕಣ್ಣೊರೆಸಿಕೊಂಡು ನಕ್ಕಳು. ಅವನು ಅವಳ ಕೆನ್ನೆಗಂಟಿದ್ದ ಹಿಟ್ಟನ್ನು ಒರೆಸಲು ಹೋಗಿ ಇನ್ನಷ್ಟು ಹಚ್ಚಿದ.

ಒಳಗಿನಿಂದ ಯಾರೋ ಅವನನ್ನು ಕರೆದರು. ಅವನು ಏಳಲಿಲ್ಲ.

“ಒಂದು ನಿಜ ಹೇಳ್ಲಾ?” ಎಂದ.

“ಹೇಳಿ.”

“ನೀನು ನೋವಲ್ಲಿ ಕೂಗೋದನ್ನ ನಾನು ಪಕ್ಕದಲ್ಲಿ ನಿಂತು ನೋಡ್ಬೇಕಲ್ಲ... ಈಗಲೇ ಕೈಕಾಲು ನಡುಗ್ತಿದೆ. ನನಗೆ ತುಂಬಾ ಹೆದರಿಕೆ ಕಣೇ.”

“ನನಗೂ,” ಎಂದಳು ಅವಳು.

“ನಿನಗಾ? ದೊಡ್ಡಕ್ಕನ್ನೇ ಎದುರಿಸಿ ಬಂದೋಳಿಗಾ?”

“ದೊಡ್ಡಕ್ಕನ ಎದುರಿಗೆ ಬಾಯಿ ಸಾಕಿತ್ತು. ಅಲ್ಲಿ ಬಾಯಿ ನಡಿಯಲ್ವಲ್ಲ... ನನಗೆ ಜೀವವೇ ಹೋಗುವಷ್ಟು ಹೆದರಿಕೆ ಇದೆ ರೀ.”

“ಮತ್ತೆ? ಏನು ಮಾಡೋಣ?”

ಅವಳು ಅವನ ಕೈಯನ್ನು ಎಳೆದುಕೊಂಡು ತನ್ನ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತನ್ನ ಕೈಯನ್ನಿಟ್ಟಳು.

“ಮಾಡೋದೇನು? ಇಬ್ರೂ ಜೊತೇಲೇ ಹೆದರೋಣ.”